ತಾತನ ಹೊಲದ ಹಳೇ ದಾಖಲೆ ‘ಸಿಗೂದಿಲ್ಲ’ ಅಂದರೆ ಮುಂದೇನು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಊರು ರಾಯಚೂರು ಜಿಲ್ಲೆ, ನೀವಿರುವುದು ಬೆಂಗಳೂರು. ತಾತನ ಹೆಸರಿನಲ್ಲಿದ್ದ ಹೊಲ ಈಗಿನ ಪಹಣಿಯಲ್ಲಿ ದೊಡ್ಡಪ್ಪನ ಮಕ್ಕಳ ಹೆಸರಿಗಿದೆ. ಯಾವಾಗ, ಹೇಗೆ ಬದಲಾಯಿತು ಎಂದು ತಿಳಿಯಲು ತಾಲ್ಲೂಕು ಕಚೇರಿಗೆ ಹೋಗಿ ‘ಈ ಸರ್ವೆ ನಂಬರಿನ ಎಲ್ಲಾ ಹಳೇ ದಾಖಲೆ ಕೊಡಿ’ ಎಂದು ಅರ್ಜಿ ಕೊಟ್ಟಿರಿ. ‘ಹಳೇದು ಸಿಗೂದಿಲ್ಲ’ ಎಂದು ಬಾಯಿಮಾತಿನಲ್ಲೇ ವಾಪಸ್ ಕಳಿಸಿದರು. ಆರ್‌ಟಿಐ ಹಾಕಿದರೆ ಸಿಗುತ್ತದೆಯೇ ಎಂದು ಕೇಳಿದ್ದೀರಿ.

ಸಿಗಬಹುದು. ಆದರೆ ನೀವು ಕೊಟ್ಟ ಅರ್ಜಿಯ ಒಕ್ಕಣೆಯನ್ನೇ ಆರ್‌ಟಿಐ ನಮೂನೆಗೆ ಇಳಿಸಿದರೆ ಉತ್ತರವೂ ಅದೇ ಬರುತ್ತದೆ, ಒಂದು ತಿಂಗಳು ತಡವಾಗಿ ಅಷ್ಟೇ. ಕೊಪ್ಪಳ ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯ ಎದುರಿಗೇ ನನ್ನ ಜೆರಾಕ್ಸ್ ಅಂಗಡಿ. ಅರ್ಜಿ ಬರೆದುಕೊಡುವ ಕೆಲಸವೂ ಜೊತೆಗೇ ನಡೆಯುತ್ತದೆ. ಬರುವವರಲ್ಲಿ ಬಹಳ ಜನ ‘ಎಲ್ಲಾ ರೆಕಾರ್ಡ್ ಬೇಕು ಅಂತ ಬರೀರಿ’ ಅಂತಾರೆ. ರೆಕಾರ್ಡ್ ರೂಮಿನ ಗುಮಾಸ್ತನಿಗೆ ಅದಕ್ಕಿಂತ ಹಗುರಾದ ಅರ್ಜಿ ಇನ್ನೊಂದಿಲ್ಲ. ಏನು ಹುಡುಕಬೇಕೆಂದೇ ಅದರಲ್ಲಿ ಇಲ್ಲವಲ್ಲ, ಹುಡುಕಿದೆ ಸಿಗಲಿಲ್ಲ ಎಂದರೆ ಮುಗಿಯಿತು. ವಹಿಯ (ರಿಜಿಸ್ಟರಿನ) ಹೆಸರು, ವರ್ಷ, ನಂಬರ್ ಮೂರೂ ಬರೆದ ಅರ್ಜಿಗೆ ಹಾಗೆ ಹೇಳಿ ಜಾರಿಕೊಳ್ಳಲು ಬರುವುದಿಲ್ಲ. ಆ ಮೂರನ್ನು ಮೊದಲು ನೀವೇ ಹಿಡಿಯಬೇಕು. ಅದಕ್ಕೆ ಯಾರ ಕೈಕಾಲೂ ಹಿಡಿಯಬೇಕಿಲ್ಲ.

ಈಗಿನ ಪಹಣಿಯಿಂದ ಶುರು ಮಾಡಿ. ‘ಭೂಮಿ’ ಜಾಲತಾಣದಲ್ಲಿ ಬೆಂಗಳೂರಿನಲ್ಲೇ ಕುಳಿತು ತೆಗೆಯಬಹುದು. ಜನ 9ನೇ ಕಾಲಂ ನೋಡಿ, ಯಾರ ಹೆಸರಿದೆಯೋ ಅವರನ್ನು ಬೈದು, ಪಹಣಿ ಮಡಚಿ ಇಟ್ಟುಬಿಡುತ್ತಾರೆ. ನಿಮಗೆ ಬೇಕಾದ್ದು ಪಕ್ಕದ 10ನೇ ಕಾಲಂ, ಅಂದರೆ ಹೊಲ ಅವರಿಗೆ ಯಾವ ರೀತಿಯಿಂದ ಬಂತು ಎಂಬುದು. ಅಲ್ಲಿ ಖರೀದಿ, ಪೌತಿ (ಸತ್ತವರ ಹೆಸರಿನಿಂದ ವಾರಸುದಾರರಿಗೆ), ವಿಭಾಗ, ದಾನ ಹೀಗೆ ಏನೋ ಒಂದು ಇರುತ್ತದೆ, ಜೊತೆಗೆ ಒಂದು ಎಂ.ಆರ್. ನಂಬರ್ ಇರುತ್ತದೆ. ಉದಾಹರಣೆಗೆ ‘ಎಂ.ಆರ್. 17/1986-87’ ಎಂದಿದ್ದರೆ ಆ ಸಾಲಿನ ಮ್ಯುಟೇಷನ್ ರಿಜಿಸ್ಟರಿನ, ಅಂದರೆ ಹೆಸರು ಬದಲಾವಣೆ ಬರೆಯುವ ವಹಿಯ, 17ನೇ ನಮೂದು ಎಂದು ಅರ್ಥ. 11ನೇ ಕಾಲಂನಲ್ಲಿ ಬ್ಯಾಂಕಿನ ಸಾಲ, ಕೋರ್ಟಿನ ತಡೆ ಇಂಥವು ಇರುತ್ತವೆ. ಅದನ್ನೂ ಓದಿ ಇಟ್ಟುಕೊಳ್ಳಿ. ಗಣಕೀಕೃತ ಪಹಣಿ ಬಂದದ್ದು 2000ರ ಆಸುಪಾಸಿನಲ್ಲಿ. ಅದಕ್ಕೂ ಮುಂಚೆಯೇ ಹೆಸರು ಬದಲಾಗಿದ್ದರೆ ಎಂ.ಆರ್. ನಂಬರ್ ಕಂಪ್ಯೂಟರ್ ಪಹಣಿಯಲ್ಲಿ ಇಲ್ಲದೇ ಇರಬಹುದು. ಆಗ ಕೈಬರಹದ ಪಹಣಿಗಳನ್ನು ಕೇಳಬೇಕು, ಅದೂ ಸಾಲು (ವರ್ಷ) ಹಾಕಿ: ‘1975-76ರಿಂದ 1999-2000ರವರೆಗಿನ ಕೈಬರಹದ ಪಹಣಿ’. ತಾತನ ಹೆಸರು ಇರುವ ಕೊನೆಯ ಸಾಲು ಯಾವುದು, ಹೊಸ ಹೆಸರು ಕಾಣಿಸುವ ಮೊದಲ ಸಾಲು ಯಾವುದು ಎಂದು ಹಿಡಿದರೆ ಎಂ.ಆರ್. ಅವೆರಡರ ನಡುವೆ ಇರಲೇಬೇಕು.

ಎಂ.ಆರ್. ನಂಬರ್ ಸಿಕ್ಕ ಮೇಲೂ ಅರ್ಧ ಜನ ಎಡವುವುದು ಇಲ್ಲಿ: ರಿಜಿಸ್ಟರಿನ ಒಂದು ಪುಟದ ನಕಲು ತೆಗೆದುಕೊಂಡು ಹೋಗಿಬಿಡುತ್ತಾರೆ. ಪುಟದಲ್ಲಿ ಇರುವುದು ‘ವಾರಸಾ ಪ್ರಕಾರ ಇಂಥವರ ಹೆಸರು ದಾಖಲು ಮಾಡಿದೆ’ ಎಂಬ ಎರಡು ಸಾಲು. ಅಸಲು ಕಥೆ ಇರುವುದು ಅದರ ಕಡತದಲ್ಲಿ. ಯಾರು ಅರ್ಜಿ ಕೊಟ್ಟರು, ವಂಶವೃಕ್ಷದಲ್ಲಿ ಯಾರ ಹೆಸರು ಬರೆದರು, ಯಾರದು ಬಿಟ್ಟರು, ನೋಟಿಸ್ ಯಾರಿಗೆ ಮುಟ್ಟಿತು, ಒಪ್ಪಿಗೆ ಹೇಳಿಕೆಗೆ ಯಾರು ಸಹಿ ಮಾಡಿದರು, ಎಲ್ಲ ಅಲ್ಲಿರುತ್ತದೆ. ನನ್ನ ಅಂಗಡಿಗೆ ಬಂದ ಒಬ್ಬ ಹೆಣ್ಣುಮಗಳ ಕಡತ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಕೆಯ ಅಪ್ಪ ಹಾಲಿನ ಸೊಸೈಟಿಯ ಕಾರ್ಯದರ್ಶಿಯಾಗಿದ್ದವರು, ಲೆಕ್ಕ ಬರೆಯುತ್ತಿದ್ದವರು. ಕಡತದ ಹೇಳಿಕೆಯಲ್ಲಿ ಅವರ ಹೆಸರಿನ ಮುಂದೆ ಎಡಗೈ ಹೆಬ್ಬೆಟ್ಟಿನ ಗುರುತು, ಕೆಳಗೆ ‘ಓದು ಬರಹ ಬಾರದವರು, ಓದಿ ಹೇಳಲಾಗಿದೆ’ ಎಂಬ ಷರಾ. ಸೊಸೈಟಿಯ ಹಳೇ ರಶೀದಿಯ ಮೇಲೆ ಅದೇ ಮನುಷ್ಯನ ಉದ್ದ ಸಹಿ. ಎರಡನ್ನೂ ಒಂದೇ ಹಾಳೆಯಲ್ಲಿ ಜೆರಾಕ್ಸ್ ಮಾಡಿಕೊಟ್ಟೆ. ರಿಜಿಸ್ಟರಿನ ಪುಟ ಒಂದೇ ಸಿಕ್ಕಿದ್ದರೆ ಇದು ಗೊತ್ತಾಗುವ ಮಾತೇ ಇರಲಿಲ್ಲ.

ಇನ್ನು 1950ರ ದಶಕಕ್ಕೆ, ಅದಕ್ಕೂ ಹಿಂದೆ ಹೋಗಬೇಕಾದರೆ ನಮ್ಮ ಕಡೆಯ ಇತಿಹಾಸ ಸ್ವಲ್ಪ ಗೊತ್ತಿರಬೇಕು, ಏಕೆಂದರೆ ವಹಿಗಳ ಹೆಸರೇ ಬೇರೆ. ರಾಯಚೂರು, ಕೊಪ್ಪಳ ಎರಡೂ 1948ರವರೆಗೆ ನಿಜಾಮರ ಆಡಳಿತದಲ್ಲಿದ್ದವು, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿ. ಆ ಕಾಲದ ದಾಖಲೆಯನ್ನು ‘ಹಳೇ ಪಹಣಿ’ ಎಂದು ಕೇಳಿದರೆ ಹೊಸ ಹುಡುಗ ಗುಮಾಸ್ತ ಮುಖ ಮುಖ ನೋಡುತ್ತಾನೆ. ಕೇಳಬೇಕಾದ್ದು 1954-55ರ ಖಾಸ್ರಾ ಪಹಣಿ. ಹಿಂದಿನ ಹೈದರಾಬಾದ್ ಸೀಮೆಯಲ್ಲಿ ಹೊಲದ ತಕರಾರು ಕೋರ್ಟಿಗೆ ಹೋದರೆ ವಕೀಲರು ಮೊದಲು ಕೇಳುವ ಕಾಗದ ಅದೇ. ಅದಕ್ಕೂ ಹಿಂದಿನದಕ್ಕೆ ಸೇತ್ವಾರ್ (ಮೊದಲ ಸರ್ವೆಯ ಮೂಲ ವಹಿ) ಇದೆ, ಹೆಸರು ಬದಲಾದದ್ದಕ್ಕೆ ಫೈಸಲ್ ಪಟ್ಟಿ ಇದೆ. ಅಲ್ಲಿ ಪೌತಿ ಎಂಬ ಮಾತಿಲ್ಲ, ವಿರಾಸತ್ ಎಂದಿರುತ್ತದೆ. ಬಹುಪಾಲು ಉರ್ದು. ವರ್ಷ ಫಸಲಿ ಲೆಕ್ಕದಲ್ಲಿ, ಅಂದರೆ ಆಗಿನ ಕಂದಾಯ ವರ್ಷದ ಲೆಕ್ಕದಲ್ಲಿ: 590 ಕೂಡಿಸಿದರೆ ಇಸವಿ ಸಿಗುತ್ತದೆ, ಒಂದು ವರ್ಷ ಆಚೆ ಈಚೆ. 1357 ಫಸಲಿ ಎಂದರೆ 1947-48.

ನಿಮ್ಮ ವಿಷಯಕ್ಕೆ ಬಂದರೆ, ಈ ಹಳೇ ವಹಿಗಳಲ್ಲಿ ಒಂದು ಮಾತನ್ನು ಬಿಡದೆ ಹುಡುಕಿ: ಶಿಕ್ಮಿದಾರ. ಆಗೆಲ್ಲ ಪಟ್ಟಾ ಮನೆಯ ಹಿರಿಯನ ಹೆಸರಿಗೆ ಇರುತ್ತಿತ್ತು, ಅವನು ಪಟ್ಟೇದಾರ. ಅವನ ಜೊತೆಗೆ ಅದೇ ಹೊಲದಲ್ಲಿ ಹಕ್ಕು, ಸ್ವಾಧೀನ ಇದ್ದವರನ್ನು ಶಿಕ್ಮಿದಾರ ಎಂದು ಬರೆಯುತ್ತಿದ್ದರು. ಮುಂದೆ ಕನ್ನಡಕ್ಕೆ, ಹೊಸ ನಮೂನೆಗೆ ನಕಲು ಇಳಿಸುವಾಗ ಪಟ್ಟೇದಾರನ ಹೆಸರು ಉಳಿದು ಶಿಕ್ಮಿದಾರನ ಹೆಸರು ಬಿದ್ದುಹೋದ ಹೊಲಗಳನ್ನು ನಾನು ಕಂಡಿದ್ದೇನೆ. ತಾತ ಮತ್ತು ಅವರ ಅಣ್ಣತಮ್ಮಂದಿರ ನಡುವೆ ವಾಟ್ನಿ (ಪಾಲು) ಆಗಿತ್ತೋ ಇಲ್ಲವೋ ಎಂಬ ತಕರಾರು ಎದ್ದರೆ ಈ ಒಂದು ಪದಕ್ಕೆ ಬಹಳ ಬೆಲೆ ಬರುತ್ತದೆ. ಉರ್ದು ಓದಲು ಯಾರನ್ನು ಹುಡುಕಲಿ ಎಂದು ಹೆದರಬೇಡಿ. ರಾಯಚೂರಿನಲ್ಲಿ ನಿವೃತ್ತ ಉರ್ದು ಮೇಷ್ಟರು ಇದ್ದಾರೆ, ಕೋರ್ಟಿನ ಸುತ್ತ ವಿಚಾರಿಸಿದರೆ ದಾರಿ ತೋರಿಸುತ್ತಾರೆ. ಆದರೆ ಅಚ್ಚು ಉರ್ದು ಓದುವವರೆಲ್ಲ ಪಟವಾರಿಯ (ಆಗಿನ ಊರ ಲೆಕ್ಕಿಗನ) ಶಿಕಸ್ತಾ ಬರಹ, ಅಂದರೆ ಕೂಡಿಸಿ ಗೀಚಿದ ಕೈಬರಹ, ಓದಲಾರರು. ಒಂದು ಪುಟ ತೋರಿಸಿ, ಓದಿಸಿ ನೋಡಿ ಆಮೇಲೆ ದುಡ್ಡಿನ ಮಾತಾಡಿ.

ಇದೇ ಪ್ರಶ್ನೆ ಇಟ್ಟುಕೊಂಡು ಬಳ್ಳಾರಿಯವರು ಯಾರಾದರೂ ಓದುತ್ತಿದ್ದರೆ, ಹೈದರಾಬಾದ್ ಕಾಲದ ಈ ವಹಿಗಳ ಮಾತು ನಿಮಗೆ ಅನ್ವಯಿಸುವುದಿಲ್ಲ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಅಲ್ಲಿ ಪಟವಾರಿ ಇಲ್ಲ, ಕರಣಂ. ಖಾಸ್ರಾ ಇಲ್ಲ, ಅಡಂಗಲ್. ಅಳತೆಯೂ ಬೇರೆ: ಇಲ್ಲಿ ಎಕರೆಗೆ 40 ಗುಂಟೆ, ಅಲ್ಲಿ ಎಕರೆಗೆ 100 ಸೆಂಟ್ಸ್. ಹಳೇ ಕಾಗದದಲ್ಲಿ ‘4-20’ ಎಂದಿದ್ದರೆ ನಮ್ಮ ಕಡೆ ನಾಲ್ಕೂವರೆ ಎಕರೆ, ಬಳ್ಳಾರಿ ಕಡೆ ನಾಲ್ಕು ಎಕರೆ ಎಂಟು ಗುಂಟೆ. ಅಳಿಯ ಗಂಗಾವತಿಯವನು, ಮಾವ ಸಿರುಗುಪ್ಪದವನು, ಹೊಳೆಯ ಆಚೆ ಈಚೆ ಇಬ್ಬರೂ ಇದೇ ವಿಷಯಕ್ಕೆ ಜಗಳ ಆಡಿದ್ದನ್ನು ನಾನೇ ಬಿಡಿಸಿದ್ದೇನೆ. ಸಂಡೂರಿನದು ಇನ್ನೊಂದು ತೊಡಕು: 1949ರವರೆಗೆ ಅದು ಘೋರ್ಪಡೆ ಮನೆತನದ ಸಂಸ್ಥಾನ. ಅದಕ್ಕೂ ಮುಂಚಿನ ಕಾಗದವನ್ನು ಬಳ್ಳಾರಿಯ ಮದ್ರಾಸ್ ಕಾಲದ ದಫ್ತರಗಳಲ್ಲಿ ಹುಡುಕಿ ಫಲವಿಲ್ಲ.

ಮುಂದಿನ ಪ್ರಶ್ನೆ ಯಾವ ಕಚೇರಿ ಎಂಬುದು. ನಿಮ್ಮ ಊರು ಈಗ ಮಸ್ಕಿ ಅಥವಾ ಸಿರವಾರ ತಾಲ್ಲೂಕಿಗೆ ಬಂದಿದ್ದರೆ ‘ಸಿಗೂದಿಲ್ಲ’ ಎಂದದ್ದು ನಿಜವೇ ಇರಬಹುದು! ಇವು 2018ರ ಸುಮಾರಿಗೆ ಕೆಲಸ ಶುರು ಮಾಡಿದ ತಾಲ್ಲೂಕುಗಳು. ಸಿರವಾರದ ಹಳೇ ಕಡತಕ್ಕೆ ಮಾನ್ವಿಯಲ್ಲಿ ವಿಚಾರಿಸಬೇಕು. ಮಸ್ಕಿಯ ಹಳ್ಳಿಗಳು ಲಿಂಗಸುಗೂರು, ಸಿಂಧನೂರು, ಮಾನ್ವಿ ಮೂರರಿಂದಲೂ ಬಂದಿವೆ. ನಮ್ಮ ಜಿಲ್ಲೆಯಲ್ಲಿ ಕಾರಟಗಿ, ಕನಕಗಿರಿಯವರು ಗಂಗಾವತಿಗೆ, ಕುಕನೂರಿನವರು ಯಲಬುರ್ಗಾಕ್ಕೆ ಹೋಗಬೇಕಾಗುತ್ತದೆ. ಕೊಪ್ಪಳ ಜಿಲ್ಲೆಯೇ ಆದದ್ದು 1997ರಲ್ಲಿ. ಅದಕ್ಕೂ ಮುಂಚಿನ ಜಿಲ್ಲಾಧಿಕಾರಿ ಆದೇಶ ಬೇಕಾದವರು ರಾಯಚೂರನ್ನೂ ಕೇಳಬೇಕು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಹೊಸಪೇಟೆ ಕಡೆಯವರಿಗೂ ಬಳ್ಳಾರಿಯ ಜೊತೆ ಇದೇ ಪಾಡು.

ಕಚೇರಿ ಗೊತ್ತಾಯಿತು, ವಹಿ ಗೊತ್ತಾಯಿತು, ನಂಬರ್ ಗೊತ್ತಾಯಿತು. ಈಗಲೂ ಆರ್‌ಟಿಐ ಬೇಡ. ಮೊದಲು ಸಾದಾ ನಕಲು ಅರ್ಜಿ ಕೊಡಿ. ದೃಢೀಕೃತ ನಕಲು ಕೊಡುವುದು ಅವರ ದಿನನಿತ್ಯದ ಕೆಲಸ, ಶುಲ್ಕ ಕಟ್ಟಿದರೆ ಕೆಲವು ಸಲ ಅದೇ ವಾರ ಸಿಗುತ್ತದೆ. ಆರ್‌ಟಿಐ ಎಂದ ಕೂಡಲೇ ಅದು ಬೇರೆ ಟೇಬಲ್ಲಿಗೆ ಹೋಗಿ, 30 ದಿನದ ಗಡುವಿನ ಕೊನೆಯ ವಾರದಲ್ಲಿ ಕಣ್ಣು ಬಿಡುತ್ತದೆ. 2024ರಿಂದ ‘ಭೂಸುರಕ್ಷಾ’ ಎಂದು ರೆಕಾರ್ಡ್ ರೂಮಿನ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ನಿಮ್ಮ ಗ್ರಾಮದ್ದು ಆಗಿದೆಯೇ ಎಂದು ಮೊದಲೇ ಕೇಳಿ. ಆಗಿದ್ದರೆ ರುಮಾಲಿನ ಗಂಟು ಬಿಚ್ಚುವ ಕೆಲಸವೇ ಇಲ್ಲ. ಆಗಿಲ್ಲದಿದ್ದರೆ ಗೊತ್ತಲ್ಲ, ಕಪಾಟಿನ ಮೇಲಿಂದ ಕೆಂಪು ಬಟ್ಟೆಯ ಗಂಟು ಇಳಿಸಬೇಕು, ಧೂಳು ಕೊಡವಬೇಕು, ಚೀಟಿಯ ಮೇಲೆ ಅಳಿಸಿಹೋದ ಗ್ರಾಮದ ಹೆಸರು ಓದಬೇಕು. ಇಡೀ ರೆಕಾರ್ಡ್ ರೂಮಿಗೆ ಒಬ್ಬನೇ ಮನುಷ್ಯ ಇದ್ದರೆ ಅವನ ಮೇಲೂ ಸ್ವಲ್ಪ ಕರುಣೆ ಇರಲಿ.

ಅರ್ಜಿಯನ್ನು ಯಾರ ಕೈಗೂ ಕೊಡಬೇಡಿ, ಟಪಾಲು ವಿಭಾಗಕ್ಕೇ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮುದ್ರೆ ಮತ್ತು ಆವಕ ನಂಬರ್ ಹಾಕಿಸಿಕೊಳ್ಳಿ. ಗಡುವಿನೊಳಗೆ ಸೇವೆ ಕೊಡಬೇಕೆನ್ನುವ ಸಕಾಲ ಕಾಯ್ದೆಯಡಿ ಬರುವ ಸೇವೆಯಾದರೆ 15 ಅಂಕಿಯ ಸಂಖ್ಯೆ ಕೊಡುತ್ತಾರೆ, ಅದನ್ನು ಬಿಡಬೇಡಿ. ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಎಂದು ಕಾಯ್ದೆಯಲ್ಲಿದೆ. ಆ ದುಡ್ಡಿಗಾಗಿ ಯಾರೂ ಕಾಯುವುದಿಲ್ಲ, ಆದರೆ ಬಾಕಿ ಉಳಿದ ಅರ್ಜಿ ಮೇಲಿನವರ ಕಂಪ್ಯೂಟರಿನಲ್ಲಿ ಕಾಣುತ್ತದೆ, ಲಾಭ ಅದು.

‘ಸಿಗೂದಿಲ್ಲ’ ಎಂದು ಈ ಸಲವೂ ಅಂದರೆ ಜಗಳಕ್ಕೆ ನಿಲ್ಲಬೇಡಿ. ‘ಸರಿ ಸರ್, ಅದನ್ನೇ ಹಿಂಬರಹ ಕೊಡಿ’ ಎನ್ನಿ, ಅಂದರೆ ಸಹಿ ಹಾಕಿದ ಲಿಖಿತ ಉತ್ತರ. ಬಾಯಿಮಾತಿನಲ್ಲಿ ಇಲ್ಲ ಎನ್ನುವುದು ಸುಲಭ. ಕಡತ ಸಂಖ್ಯೆ ಬರೆದು, ‘ಲಭ್ಯವಿರುವುದಿಲ್ಲ’ ಎಂದು ಸಹಿ ಹಾಕಲು ಕೈ ನಡುಗುತ್ತದೆ. ಎಷ್ಟೋ ಕಡತಗಳು ಹಿಂಬರಹ ಕೇಳಿದ ಮರುದಿನ ಸಿಕ್ಕಿವೆ.

ಹಿಂಬರಹವೂ ಇಲ್ಲ, ನಕಲೂ ಇಲ್ಲ ಎಂದಾದರೆ ಆಗ ಆರ್‌ಟಿಐ. ಕರ್ನಾಟಕದಲ್ಲಿ ನಮೂನೆ ‘ಎ’, ಶುಲ್ಕ 10 ರೂಪಾಯಿ. ಬೆಂಗಳೂರಿನಿಂದ ಕಳಿಸುವವರಿಗೆ ಪೋಸ್ಟಲ್ ಆರ್ಡರ್ ಅನುಕೂಲ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ವಿಚಿತ್ರ ಇದೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ ಸಾಮಾನ್ಯವಾಗಿ 150 ಪದಗಳ ಒಳಗೆ. ಪಹಣಿ, ಸರ್ವೆ, ಪಂಚಾಯ್ತಿ ಎಲ್ಲ ಸೇರಿಸಿ ಎರಡು ಪುಟ ಬರೆದರೆ ಅದೊಂದೇ ಕಾರಣಕ್ಕೆ ತಿರಸ್ಕಾರ ಆಗಬಹುದು. ಏಕೆ ಬೇಕು ಎಂದು ಬರೆಯುವ ಅಗತ್ಯ ಇಲ್ಲ; ಕಾಯ್ದೆಯ 6(2)ನೇ ಕಲಂ ಅದನ್ನು ಕೇಳಬಾರದು ಎನ್ನುತ್ತದೆ. ‘ನನ್ನ ತಾತನಿಗೆ ಅನ್ಯಾಯ ಏಕೆ ಆಯಿತು’ ಎಂಬ ಪ್ರಶ್ನೆಗೆ ಮಾಹಿತಿ ಅಧಿಕಾರಿ ಉತ್ತರ ಕೊಡಬೇಕಿಲ್ಲ, ಅವರು ಕೊಡಬೇಕಾದ್ದು ಕಾಗದ. ನಾನು ಬರೆಯುವ ಒಕ್ಕಣೆ ಸುಮಾರು ಹೀಗಿರುತ್ತದೆ:

‘ಸದರಿ ಗ್ರಾಮದ ಸರ್ವೆ ನಂ. 84/2ಕ್ಕೆ ಸಂಬಂಧಿಸಿದ ಎಂ.ಆರ್. ನಂ. 17/1986-87ರ ಮ್ಯುಟೇಷನ್ ರಿಜಿಸ್ಟರ್ ಪುಟ, ಹಾಗೂ ಆ ಕಡತದಲ್ಲಿರುವ ಅರ್ಜಿ, ವಂಶವೃಕ್ಷ, ನೋಟಿಸ್, ಹೇಳಿಕೆ ಮತ್ತು ಆದೇಶದ ದೃಢೀಕೃತ ನಕಲು ಒದಗಿಸುವುದು. ಕಡತವು ಕಚೇರಿಯಲ್ಲಿ ಲಭ್ಯವಿಲ್ಲದಿದ್ದಲ್ಲಿ, ಸದರಿ ಕಡತವನ್ನು ಅಭಿಲೇಖಾಲಯಕ್ಕೆ ಸ್ವೀಕರಿಸಿದ, ಬೇರೆ ಕಚೇರಿಗೆ ರವಾನಿಸಿದ ಅಥವಾ ನಾಶಪಡಿಸಿದ ಬಗ್ಗೆ ವಹಿಗಳಲ್ಲಿರುವ ನಮೂದುಗಳ ನಕಲು ಒದಗಿಸುವುದು.’

ಎರಡನೇ ವಾಕ್ಯವೇ ಇದರ ಜೀವ. ಕಡತ ನಾಶ ಮಾಡಲೂ ಒಂದು ಕ್ರಮ ಇದೆ, ಯಾವ ವರ್ಗದ ಕಾಗದವನ್ನು ಎಷ್ಟು ವರ್ಷ ಇಡಬೇಕು ಎಂಬುದಿದೆ, ನಾಶ ಮಾಡಿದರೆ ಅದನ್ನು ಬರೆದಿಡಬೇಕು. ಕರ್ನಾಟಕಕ್ಕೆ 2010ರ ಸಾರ್ವಜನಿಕ ದಾಖಲೆಗಳ ಕಾಯ್ದೆಯೇ ಇದೆ. ‘ಕಾಣೆಯಾಗಿದೆ’ ಎಂಬುದು ಆರ್‌ಟಿಐನಲ್ಲಿ ಮಾಹಿತಿ ನಿರಾಕರಿಸಲು ಇರುವ ಕಾರಣಗಳಲ್ಲಿ ಒಂದಲ್ಲ. ಹಾಗೆ ಕಾಣೆಯಾದರೆ ವಿಚಾರಣೆ ನಡೆಸಿ ಹೊಣೆ ಯಾರದೆಂದು ಗೊತ್ತುಮಾಡಬೇಕು ಎಂದು ದೆಹಲಿ ಹೈಕೋರ್ಟ್ 2013ರಲ್ಲಿ ಹೇಳಿದೆ. ತಪ್ಪು ಕಚೇರಿಗೆ ಹಾಕಿದ್ದರೂ ಚಿಂತೆಯಿಲ್ಲ, 5 ದಿನದೊಳಗೆ ಸರಿಯಾದ ಕಚೇರಿಗೆ ಅವರೇ ವರ್ಗಾಯಿಸಬೇಕು. ಪುಟಕ್ಕೆ 2 ರೂಪಾಯಿ ಕಟ್ಟಿ ಎಂದು ಪತ್ರ ಬಂದರೆ ಬೇಗ ಕಟ್ಟಿಬಿಡಿ, ಏಕೆಂದರೆ ಆ ಪತ್ರ ಕಳಿಸಿದ ದಿನದಿಂದ ನೀವು ಕಟ್ಟುವ ದಿನದವರೆಗಿನದು 30 ದಿನದ ಲೆಕ್ಕಕ್ಕೆ ಬರುವುದಿಲ್ಲ. ಗಡುವು ಮೀರಿದರೆ ಮಾಹಿತಿ ಉಚಿತ.

ಉತ್ತರ ಬರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದೇ ಕಚೇರಿಯ ಮೇಲಧಿಕಾರಿಗೆ. ಅವರ ಹೆಸರು, ಹುದ್ದೆ ಕಚೇರಿಯ ಗೋಡೆಯ ಬೋರ್ಡಿನಲ್ಲಿ ಇರಲೇಬೇಕು, ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಬನ್ನಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ನಮ್ಮ ಭಾಗಕ್ಕೆ ಕಲಬುರಗಿಯಲ್ಲಿ ಪೀಠ ಇದೆ. ದಿನಕ್ಕೆ 250ರಂತೆ 25,000ದವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಆದರೆ ಅಲ್ಲಿ ಸರದಿ ಉದ್ದ. ಹೊಲದ ತಕರಾರಿಗೆ ಅಷ್ಟು ಕಾಲ ಕಾಯುವುದು ಕಷ್ಟ, ಹಾಗಾಗಿ ನನ್ನ ಒಲವು ಹಿಂಬರಹದ ಕಡೆಗೇ. ದಂಡ ಹಾಕಿಸುತ್ತೇನೆ ಎಂದು ಹೆದರಿಸಿ ಆಮೇಲೆ ರಾಜಿಗೆ ಕೂರುವ ‘ಆರ್‌ಟಿಐ ಕಾರ್ಯಕರ್ತರು’ ಕೆಲವರು ಕಚೇರಿ ಸುತ್ತ ಸಿಗುತ್ತಾರೆ. ಅವರ ಲೆಟರ್‌ಹೆಡ್ಡಿನಲ್ಲಿ ಅರ್ಜಿ ಹಾಕಿಸಬೇಡಿ. ನಿಮ್ಮ ಕಾಗದ ಅವರ ಬಂಡವಾಳ ಆಗುತ್ತದೆ.

ಹೊಲ ಖರೀದಿಯಿಂದ ಹೋಗಿದೆ ಎಂದು 10ನೇ ಕಾಲಂ ಹೇಳಿದರೆ ತಹಶೀಲ್ ಆಫೀಸು ಬಿಟ್ಟು ಉಪನೋಂದಣಿ ಕಚೇರಿಗೆ ಹೋಗಿ. 2004ರಿಂದ ಈಚಿನ ಋಣಭಾರ ಪತ್ರ (ಇ.ಸಿ.) ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲೇ ಬರುತ್ತದೆ, ಅದಕ್ಕೂ ಹಿಂದಿನದನ್ನು ಅವರು ಪುಸ್ತಕದಲ್ಲಿ ಹುಡುಕಿ ಕೊಡಬೇಕು. ‘ಟ್ರಿಬ್ಯೂನಲ್’ ಎಂದಿದ್ದರೆ ಗೇಣಿದಾರರಿಗೆ ಹೊಲ ಕೊಡಿಸಿದ ಭೂ ನ್ಯಾಯ ಮಂಡಳಿಯ ಆದೇಶ ಮತ್ತು ನಮೂನೆ 10 (ಅಧಿಭೋಗದ ಹಕ್ಕಿನ ಪತ್ರ) ಕೇಳಿ. ಕೋರ್ಟಿನ ಡಿಕ್ರಿ ಎಂದಿದ್ದರೆ ಅದೇ ಕೋರ್ಟಿನ ನಕಲು ಶಾಖೆ. ಕೋರ್ಟಿನ ಕಾಗದವನ್ನು ಕೋರ್ಟಿನ ನಿಯಮದಂತೆಯೇ ಪಡೆಯಬೇಕು, ಆರ್‌ಟಿಐನಲ್ಲಿ ಅಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ವಿಸ್ತೀರ್ಣವೇ ಕಡಿಮೆಯಾಗಿದ್ದರೆ ಭೂಮಾಪನ ಇಲಾಖೆಯ ಎ.ಡಿ.ಎಲ್.ಆರ್. ಕಚೇರಿಯಲ್ಲಿ ಆಕಾರಬಂದ್ (ವಿಸ್ತೀರ್ಣ, ಕಂದಾಯದ ವಹಿ) ಮತ್ತು ಟಿಪ್ಪಣಿ (ಅಳತೆಯ ನಕ್ಷೆ) ತೆಗೆಸಿ. ತುಂಗಭದ್ರಾ ಎಡದಂಡೆ ಕಾಲುವೆ ಹಾದುಹೋದ ಕಡೆ ಒಂದಿಷ್ಟು ಗುಂಟೆ ಭೂಸ್ವಾಧೀನಕ್ಕೆ ಹೋಗಿರುವುದು ಮನೆಯವರಿಗೇ ಮರೆತಿರುತ್ತದೆ, ಅಣ್ಣತಮ್ಮಂದಿರು ಒಬ್ಬರ ಮೇಲೊಬ್ಬರು ಒತ್ತುವರಿ ಎಂದು ಕೂಗಾಡುತ್ತಿರುತ್ತಾರೆ.

ಊರಿನ ಮನೆ, ಹಿತ್ತಲಿನ ಜಾಗದ್ದೂ ತಕರಾರು ಇದ್ದರೆ ಅದು ಪಂಚಾಯ್ತಿ ಲೆಕ್ಕ. ಪಂಚಾಯ್ತಿ ಆಸ್ತಿಗಳ ಗಣಕೀಕೃತ ದಾಖಲೆಯಾದ ಇ-ಸ್ವತ್ತಿನ ನಮೂನೆ 9, 11 ಮತ್ತು ಹಳೇ ತೆರಿಗೆ ರಿಜಿಸ್ಟರ್ ಅಲ್ಲಿರುತ್ತವೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ಜಮಾಬಂದಿ ನಡೆಯಬೇಕು, ಅವತ್ತು ಪಂಚಾಯ್ತಿ ಲೆಕ್ಕಪತ್ರಗಳನ್ನು ಎಲ್ಲರ ಎದುರು ತೆರೆದಿಡಬೇಕು. ಊರಿಗೆ ಬರುವುದಿದ್ದರೆ ಆ ಹೊತ್ತಿಗೆ ಬನ್ನಿ.

ಕಡತ ಕೈಗೆ ಬಂದ ಮೇಲೆ ಎರಡು ದಾರಿ. ಮ್ಯುಟೇಷನ್ ಮಾಡಿದ ರೀತಿಯೇ ತಪ್ಪಾಗಿದ್ದರೆ, ಅಂದರೆ ನೋಟಿಸ್ ಇಲ್ಲ, ವಾರಸುದಾರರನ್ನು ಬಿಟ್ಟಿದ್ದಾರೆ ಎಂದಾದರೆ, ಭೂಕಂದಾಯ ಕಾಯ್ದೆಯ 136(2)ನೇ ಕಲಂ ಅಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಪಾಲು ಬೇಕು, ಹಕ್ಕು ಯಾರದೆಂದು ತೀರ್ಮಾನ ಆಗಬೇಕು ಎಂದಾದರೆ ಸಿವಿಲ್ ಕೋರ್ಟ್. ಪಹಣಿ ಕಂದಾಯದ ದಾಖಲೆ, ಅದೇ ಹಕ್ಕುಪತ್ರ ಅಲ್ಲ. ಎರಡರಲ್ಲೂ ‘ನಿಮಗೆ ಯಾವಾಗ ಗೊತ್ತಾಯಿತು’ ಎಂದು ಮೊದಲು ಕೇಳುತ್ತಾರೆ, ಹಾಗಾಗಿ ನಕಲಿನ ಹಿಂಭಾಗದಲ್ಲಿ ಅರ್ಜಿ ಕೊಟ್ಟ ದಿನ, ನಕಲು ಕೊಟ್ಟ ದಿನ ಬರೆದ ಮುದ್ರೆ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಕಿಟಕಿ ಬಿಡುವ ಮುಂಚೆಯೇ ಹಾಕಿಸಿಕೊಳ್ಳಿ.